ಹತ್ತು ನಿಮಿಷ ಸುಮ್ಮನೆ ಕೂರುವುದು

ನಮ್ಮ ಮಾವನಿಗೆ ಕಚೇರಿಯಲ್ಲಿ ಇಟ್ಟ ಅಡ್ಡಹೆಸರು ಸೇವ್ ಸಾರ್. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವರಿಗೆ ಅದು ಗೊತ್ತಿತ್ತು, ಅವರಿಗೆ ಗೊತ್ತಿದೆ ಅಂತ ನಮಗೂ ಗೊತ್ತಿತ್ತು. ಯಾರಾದರೂ ಕಂಪ್ಯೂಟರ್ ಬಿಟ್ಟು ಎದ್ದರೆ ಸಾಕು, ಮೂಲೆಯ ಮೇಜಿನಿಂದ ದನಿ ಬರುತ್ತಿತ್ತು: "ಸೇವ್ ಮಾಡಿದ್ರಾ?" ಚಹಾಕ್ಕೆ ಎದ್ದರೂ ಅದೇ ಪ್ರಶ್ನೆ, ಹೊಟ್ಟೆ ಕೆಟ್ಟು ಓಡಿದರೂ ಅದೇ ಪ್ರಶ್ನೆ. ಒಮ್ಮೆ ಬೆಂಕಿ ಬಿದ್ದರೆ ಹೇಗೆ ಹೊರಗೋಡಬೇಕು ಎಂದು ಕಲಿಸುವ ಕವಾಯತು ನಡೆಯಿತು. ಇಡೀ ಕಟ್ಟಡ ಎರಡು ನಿಮಿಷದಲ್ಲಿ ಖಾಲಿಯಾದರೆ ನಮ್ಮ ಕೋಣೆಯ ನಾಲ್ವರು ಏಳನೇ ನಿಮಿಷಕ್ಕೆ ಹೊರಗೆ ಬಂದೆವು. ಲೆಕ್ಕದ ಪ್ರಕಾರ ನಾವು ಸುಟ್ಟು ಬೂದಿಯಾಗಿದ್ದೆವು, ಆದರೆ ಕೆಲಸವೆಲ್ಲ ಸೇವ್ ಆಗಿತ್ತು.

ಈ ಚಟಕ್ಕೆ ಕಾರಣ ಇಲ್ಲದಿರಲಿಲ್ಲ. ನಾವು ಕೆಲಸ ಮಾಡುವುದು ಒಂದು ಡೇಟಾ ಸೆಂಟರಿನಲ್ಲಿ. ನೆಲಮಾಳಿಗೆಯಲ್ಲಿ ದೊಡ್ಡ ಹಾಲ್, ಹಾಲ್ ತುಂಬ ಆಳೆತ್ತರದ ಕಬ್ಬಿಣದ ಕಪಾಟುಗಳು, ಕಪಾಟುಗಳಲ್ಲಿ ಯಾರು ಯಾರದೋ ಕಂಪ್ಯೂಟರುಗಳು. ಬಸ್ಸಿನ ಟಿಕೆಟ್ಟು, ಆಸ್ಪತ್ರೆಯ ಸರದಿ ಚೀಟಿ, ಸಿನಿಮಾದ ಸೀಟು ಎಲ್ಲವೂ ಅಲ್ಲಿಂದಲೇ ಹೊರಡಬೇಕು. ಈ ಕಂಪ್ಯೂಟರುಗಳ ಮಾತು ಯಾವುದರಿಂದ ಯಾವುದಕ್ಕೆ ಹೋಗಬೇಕೆಂದು ನೋಡಿಕೊಳ್ಳುವ ಚಪ್ಪಟೆ ಪೆಟ್ಟಿಗೆಗಳಿಗೆ ಸ್ವಿಚ್ ಎನ್ನುತ್ತಾರೆ. ಹಳೆಯ ಸ್ವಿಚ್ಚುಗಳಿಗೆ ನಾವು ಹೇಳಿಕೊಟ್ಟದ್ದು ಕರೆಂಟ್ ಇರುವ ತನಕ ಮಾತ್ರ ನೆನಪಿರುತ್ತಿತ್ತು. ಬೇರೆಯಾಗಿ ಸೇವ್ ಮಾಡದೆ ಕರೆಂಟ್ ಹೋಯಿತೋ, ಮುಗಿಯಿತು ಕಥೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾವ ಎರಡು ದಿನ ಕೂತು ಬರೆದದ್ದೆಲ್ಲ ಹೀಗೆ ಮಣ್ಣುಪಾಲಾಯಿತಂತೆ. ಆಮೇಲಿನ ಮೂವತ್ತನಾಲ್ಕು ವರ್ಷ ಅವರು ಮೊದಲು ಸೇವ್ ಮಾಡಿ, ಉಸಿರು ಬಿಟ್ಟದ್ದು ಆಮೇಲೆ.

ನಾನು ಮೊದಲು ಅವರ ಕೈಕೆಳಗೆ ಕೆಲಸಕ್ಕೆ ಸೇರಿದವಳು, ಸೊಸೆಯಾದದ್ದು ಆಮೇಲೆ. ಕೆಲಸದ ಪರೀಕ್ಷೆಯ ದಿನ ನಾನು ಯಾರೂ ಹೇಳದೆಯೇ ಸೇವ್ ಮಾಡಿ ಎದ್ದೆನಂತೆ. ಆ ಸಂಜೆ ಅವರು ಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಅತ್ತೆಗೆ "ಹುಡುಗಿ ಸಿಕ್ಕಿದ್ಳು ಕಣೇ" ಅಂದರಂತೆ. ಹುಡುಗನನ್ನು ಕೇಳಿದ್ದು ಮೂರನೇ ದಿನ. ಹುಡುಗ ಅಂದರೆ ನನ್ನ ಗಂಡ, ಕನ್ನಡಕದ ಅಂಗಡಿ ಇಟ್ಟುಕೊಂಡವನು. ಜೀವನದಲ್ಲಿ ಏನನ್ನೂ ಸೇವ್ ಮಾಡದ ಮನುಷ್ಯ. ಸಂಭಾವಿತ, ಅದಕ್ಕೇ ಒಪ್ಪಿಕೊಂಡೆ.

ನನಗೂ ಅಡ್ಡಹೆಸರಿದೆ, ಮೆಣಸಿನಕಾಯಿ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ. ಇರುತ್ತದೆ, ಏನೀಗ?

ಮಾವ ನಿವೃತ್ತರಾಗಲು ಎರಡು ತಿಂಗಳಿದ್ದಾಗ ಈ ಕಥೆ ಶುರುವಾಯಿತು. ಅವರ ಕುರ್ಚಿ, ಅಂದರೆ ನೆಟ್‌ವರ್ಕ್ ವಿಭಾಗದ ಮುಖ್ಯಸ್ಥರ ಜಾಗ, ನನಗೆ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಬೇಕಿತ್ತು. ಹನ್ನೊಂದು ವರ್ಷ ದುಡಿದಿದ್ದೆ, ಕೆಲಸ ಬರುತ್ತಿತ್ತು. ಆದರೆ ನಿರ್ದೇಶಕರಿಗೆ ಒಂದು ಅಳುಕು.

"ಮಾವನ ಕುರ್ಚಿ ಸೊಸೆಗೆ ಹೋಯ್ತು ಅಂತ ನಾಳೆ ಜನ ಆಡ್ಕೋಬಾರ್ದು ನೋಡಿ," ಅಂದರು. "ಎಲ್ಲರ ಕಣ್ಣಿಗೂ ಕಾಣೋ ಹಾಗೆ ಒಂದು ದೊಡ್ಡ ಕೆಲಸ ಮಾಡಿ ತೋರಿಸಿ. ಇಲ್ಲಾಂದ್ರೆ ಹೊರಗಿನವರನ್ನ ತರ್ತೀನಿ."

ದೊಡ್ಡ ಕೆಲಸ ನನ್ನ ಮೇಜಿನ ಮೇಲೇ ಇತ್ತು. ಸ್ವಿಚ್ಚುಗಳ ಹಳೆಯ ಆಪರೇಟಿಂಗ್ ಸಿಸ್ಟಮ್ ತೆಗೆದು ಹೊಸದನ್ನು ಹಾಕುವುದು. ಆ ಹೊಸದರ ಮೇಲೆ ನನಗೆ ಎಂಥ ಮೋಹವಿತ್ತೆಂದರೆ ನನ್ನ ಗಂಡ ಒಮ್ಮೆ ಮುಖ ಊದಿಸಿಕೊಂಡಿದ್ದ. ಪೆಟ್ಟಿಗೆ ಯಾವ ಕಂಪನಿಯದಾದರೂ ಅದು ಕೂರುತ್ತದೆ. ಹೊಸ ಪೆಟ್ಟಿಗೆಗೆ ತಂತಿ ಚುಚ್ಚಿದರೆ ತನಗೆ ಬೇಕಾದ್ದನ್ನು ತಾನೇ ತರಿಸಿಕೊಂಡು ಕೆಲಸಕ್ಕೆ ನಿಲ್ಲುತ್ತದೆ. ಯಾವ ಬದಲಾವಣೆ ಮಾಡಿದರೂ ಅದಕ್ಕೊಂದು ಸಂಖ್ಯೆ ಕೊಟ್ಟು, ಹಿಂದಿನ ಸಂಖ್ಯೆಗೆ ವಾಪಸ್ ಹೋಗು ಅಂದರೆ ಹೋಗುತ್ತದೆ. ಯಾರು, ಯಾವ ಗಳಿಗೆಯಲ್ಲಿ, ಯಾವ ಆಜ್ಞೆ ಕೊಟ್ಟರು ಅಂತ ಬರೆದಿಡುತ್ತದೆ. ಹಳಬರು ಗಲಿಬಿಲಿಗೊಳ್ಳದಿರಲಿ ಎಂದು ಹಳೆಯ ಸಿಸ್ಟಮ್ಮಿನ ಆಜ್ಞೆಗಳನ್ನೂ ಅರ್ಥ ಮಾಡಿಕೊಳ್ಳುತ್ತದೆ.

ಇವೆಲ್ಲದರ ಮೇಲೆ ಒಂದು ಚಮತ್ಕಾರ, ಗಡುವಿನ ಬದಲಾವಣೆ. ಬದಲಾವಣೆ ಮಾಡುವಾಗ ಹತ್ತು ನಿಮಿಷದ ಗಡುವು ಕೊಟ್ಟಿರಬೇಕು. ಎಲ್ಲ ಸರಿಯಾಗಿದ್ದರೆ ಆ ಹತ್ತು ನಿಮಿಷದೊಳಗೆ "ಖಾಯಂ ಮಾಡು" ಎನ್ನಬೇಕು. ಎನ್ನದಿದ್ದರೆ, ಈ ಮನುಷ್ಯ ಏನೋ ಎಡವಟ್ಟು ಮಾಡಿಕೊಂಡಿದ್ದಾನೆ ಎಂದು ಸ್ವಿಚ್ ತಾನೇ ಅರ್ಥ ಮಾಡಿಕೊಂಡು ಎಲ್ಲವನ್ನೂ ಮೊದಲಿದ್ದಂತೆ ಮಾಡಿಬಿಡುತ್ತದೆ. ತಪ್ಪು ಮಾಡಿದವನು ಮಾಡಬೇಕಾದ್ದು ಇಷ್ಟೇ, ಸುಮ್ಮನೆ ಕೂರುವುದು.

ನಮ್ಮ ಕೋಣೆಯ ಇನ್ನಿಬ್ಬರಿಗೆ ಇದನ್ನೆಲ್ಲ ಮೂರು ವಾರ ಕೂರಿಸಿ ಕಲಿಸಿದೆ. ಮಾವನಿಗೆ ಕಲಿಸಲಿಲ್ಲ. ಅವರಿಗೆ ಕಲಿಸಲು ಹೊರಟರೆ ಪ್ರತಿ ಸಾಲಿಗೂ ನಾಲ್ಕು ಪ್ರಶ್ನೆ, ನಾಲ್ಕಕ್ಕೂ ಉತ್ತರ ಕೊಟ್ಟರೆ "ಹಂಗಾದ್ರೆ ಸೇವ್ ಯಾವಾಗ ಮಾಡೋದು?" ಅಂತ ಐದನೆಯದು. ಎರಡು ತಿಂಗಳಲ್ಲಿ ಹೋಗುವವರು, ಯಾಕೆ ಸುಮ್ಮನೆ ಅಂತ ಬಿಟ್ಟೆ. ಅವರೂ ಕೇಳಲಿಲ್ಲ. ಪಾಠದ ಹೊತ್ತಿಗೆ ಸರಿಯಾಗಿ ಹಳೆಯ ಕಡತಗಳ ಧೂಳು ಒರೆಸುತ್ತ ಕೂರುತ್ತಿದ್ದರು.

ಪ್ರದರ್ಶನದ ದಿನ ಬಂತು. ಮೂರನೇ ಮಹಡಿಯ ಸಭೆಯ ಕೋಣೆಯಲ್ಲಿ ನಿರ್ದೇಶಕರು ಮತ್ತು ನಾನು. "ಆಟದ ಸ್ವಿಚ್ಚಲ್ಲಿ ಬೇಡ, ನಿಜವಾದ್ದರಲ್ಲೇ ತೋರಿಸಿ," ಅಂದರು ಅವರು. ಜಂಬದಲ್ಲಿ ಹೂಂ ಅಂದುಬಿಟ್ಟೆ. ಆ ವಾರವಷ್ಟೇ ಹೊಸ ಸಿಸ್ಟಮ್ ಹಾಕಿದ್ದ ಸ್ವಿಚ್ಚಿನಲ್ಲಿ, ಮುಖ್ಯ ತಂತಿಯ ಮೇಲೆ ಯಾರ್ಯಾರ ಮಾತು ಹೋಗಬಹುದು ಎಂಬ ಪಟ್ಟಿಗೆ ಹೊಸ ಗಿರಾಕಿಯೊಬ್ಬರ ನೆಟ್‌ವರ್ಕನ್ನು ಸೇರಿಸುವುದಿತ್ತು. ಒಂದೇ ಸಾಲಿನ ಕೆಲಸ. ಆ ಸಾಲಿನಲ್ಲಿ "ಆ್ಯಡ್" ಎಂಬ ಪದ ಇರಬೇಕು. ಅದಿದ್ದರೆ ಹೊಸಬರು ಪಟ್ಟಿಗೆ ಸೇರುತ್ತಾರೆ. ಅದಿಲ್ಲದಿದ್ದರೆ ಪಟ್ಟಿಯಲ್ಲಿದ್ದ ಹಳಬರೆಲ್ಲ ಹೊರಗೆ, ಹೊಸಬರೊಬ್ಬರೇ ಒಳಗೆ. ನಮ್ಮ ಕಸುಬಿನವರು ಈ ತಪ್ಪನ್ನು ಜೀವನದಲ್ಲಿ ಒಮ್ಮೆ ಮಾಡಿಯೇ ಮಾಡುತ್ತಾರೆ. ನಾನು ನಿರ್ದೇಶಕರ ಎದುರಿಗೇ ಮಾಡಬೇಕೆಂದು ಕಾದಿಟ್ಟುಕೊಂಡಿದ್ದೆ ಅನಿಸುತ್ತದೆ.

ಎಂಟರ್ ಒತ್ತಿದೆ. ಪರದೆ ಹಾಗೇ ನಿಂತಿತು.

ಬರೆದ ಸಾಲನ್ನು ಮತ್ತೊಮ್ಮೆ ಓದಿದೆ. ಆ್ಯಡ್ ಇರಲಿಲ್ಲ. ಪಟ್ಟಿಯಿಂದ ಬಸ್ಸು ಹೋಯಿತು, ಆಸ್ಪತ್ರೆ ಹೋಯಿತು, ಸಿನಿಮಾ ಹೋಯಿತು, ನಮ್ಮ ಕಚೇರಿಯ ಫೋನುಗಳೂ ನನ್ನ ಪರದೆಯ ಸಂಪರ್ಕವೂ ಹೋದವು. ಆದರೆ ಗಡುವು ಕೊಟ್ಟಿದ್ದೆನಲ್ಲ! ಎದೆ ಮತ್ತೆ ನೆಟ್ಟಗಾಯಿತು.

"ಸಾರ್, ಒಂದು ತಪ್ಪು ಮಾಡಿದ್ದೀನಿ," ಅಂದೆ, ಬೇಕೆಂದೇ ಮಾಡಿದವಳ ಹಾಗೆ. "ಈಗ ನೋಡಿ ಮಜಾ. ಯಾರೂ ಏನೂ ಮಾಡಬೇಕಾಗಿಲ್ಲ. ಹತ್ತು ನಿಮಿಷದಲ್ಲಿ ಅದೇ ಸರಿಹೋಗುತ್ತೆ."

"ಏನೂ ಮಾಡದೆ?"

"ಏನೂ ಮಾಡದೆ."

ನಿರ್ದೇಶಕರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಅವರ ಮೊಬೈಲಿಗೆ ಬಸ್ಸಿನವರು ಕರೆ ಮಾಡಿದರು, ಆಸ್ಪತ್ರೆಯವರು ಮಾಡಿದರು, ಮತ್ತೆ ಬಸ್ಸಿನವರು. "ನಮ್ಮವರು ಅದರ ಮೇಲೇ ಕೂತಿದ್ದಾರೆ," ಎಂದು ಅವರು ಎಲ್ಲರಿಗೂ ಹೇಳಿದರು. ನಿಜವೇ, ಕೂತೇ ಇದ್ದೆ. ಒಂಬತ್ತು ನಿಮಿಷವಾಯಿತು. ಹತ್ತಾಯಿತು. ನಾನು ಮುಗುಳುನಗೆ ಹಾಕಿಕೊಂಡು ಪರದೆ ನೋಡಿದೆ. ಹನ್ನೊಂದಾಯಿತು. ಮುಗುಳುನಗೆ ಮುಖದ ಮೇಲೆ ಒಣಗತೊಡಗಿತು. ಹನ್ನೆರಡಕ್ಕೆ ನಾನು ಎದ್ದು ಓಡಿದೆ.

ನೆಲಮಾಳಿಗೆಯ ಹಾಲ್‌ನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ನಾಲ್ಕು ಮಹಡಿ ಇಳಿದು ಬಾಗಿಲು ತೆರೆದರೆ ಆ ಸ್ವಿಚ್ಚಿನ ಕಪಾಟಿನ ಮುಂದೆ ಮಾವ. ಲ್ಯಾಪ್‌ಟಾಪನ್ನು ಮಂಡಿಯ ಮೇಲಿಟ್ಟುಕೊಂಡು, ಸ್ವಿಚ್ಚಿಗೆ ನೇರ ತಂತಿ ಚುಚ್ಚಿಕೊಂಡು ನೆಲದ ಮೇಲೆ ಕೂತಿದ್ದರು. ಮಂಡಿನೋವಿನ ಮನುಷ್ಯ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು.

"ಹೆದರ್ಬೇಡಮ್ಮ," ಅಂದರು ನನ್ನನ್ನು ನೋಡಿ. "ಫೋನೆಲ್ಲ ಸತ್ತಾಗಲೇ ಗೊತ್ತಾಯ್ತು, ನಿನ್ನ ಸ್ವಿಚ್ಚಿಗೆ ಏನೋ ಆಗಿದೆ ಅಂತ. ಎಲ್ಲಿ ಆರಿಹೋಗಿ ನೀನು ಬರೆದಿದ್ದೆಲ್ಲ ಹೋಗಿಬಿಡುತ್ತೋ ಅಂತ ಬಂದ ತಕ್ಷಣ ಮೊದಲು ಸೇವ್ ಮಾಡ್ದೆ."

ಹಳಬರ ಆಜ್ಞೆಯನ್ನೂ ಅರ್ಥ ಮಾಡಿಕೊಳ್ಳುವ ಆ ಜಾಣ ಸಿಸ್ಟಮ್, ಅವರ ಸೇವನ್ನು ಖಾಯಂ ಎಂದು ತಿಳಿದುಕೊಂಡಿತ್ತು. ಗಡುವಿಗೆ ಇನ್ನು ನಲವತ್ತು ಸೆಕೆಂಡಿರುವಾಗ ನನ್ನ ತಪ್ಪು ಖಾಯಂ ಆಗಿತ್ತು. ಲ್ಯಾಪ್‌ಟಾಪ್ ಕಿತ್ತುಕೊಂಡು ಹಿಂದಿನ ಸಂಖ್ಯೆಗೆ ಹೋಗೆಂದೆ. ಹೋಯಿತು. ಒಟ್ಟು ಇಪ್ಪತ್ತಮೂರು ನಿಮಿಷ ಊರಿನವರು ಬಸ್ಸಿಗೆ ಟಿಕೆಟ್ಟಿಲ್ಲದೆ ನಿಂತಿದ್ದರು.

ಮಧ್ಯಾಹ್ನ ನಿರ್ದೇಶಕರು ನಮ್ಮಿಬ್ಬರನ್ನೂ ಕರೆದರು. ಸಿಸ್ಟಮ್ ಬರೆದಿಟ್ಟದ್ದನ್ನೆಲ್ಲ ಯಾರೋ ಮುದ್ರಿಸಿ ಅವರ ಮುಂದಿಟ್ಟಿದ್ದರು. ಅವರಿಗೆ ನೆಟ್‌ವರ್ಕಿನ ಗಂಧವಿಲ್ಲ, ಆದರೆ ಹೆಸರು ಮತ್ತು ಸಮಯ ಓದಲು ಬರುತ್ತದೆ.

"ಹತ್ತು ನಿಮಿಷಕ್ಕೆ ತಾನೇ ಸರಿಹೋಗಬೇಕಿದ್ದನ್ನ ಖಾಯಂ ಮಾಡಿದ್ದು ನೀವು. ಹೌದಾ?" ಎಂದು ಮಾವನನ್ನು ಕೇಳಿದರು.

"ಹೌದು," ಅಂದರು ಮಾವ. "ಸೇವ್ ಮಾಡ್ದೆ."

"ಮಾಡಬಾರ್ದು ಅಂತ ಗೊತ್ತಿರಲಿಲ್ವಾ? ಮುಖ್ಯಸ್ಥರಲ್ವಾ ನೀವು?"

ಮಾವ ನನ್ನ ಕಡೆ ತಿರುಗಿದರು. ನಾನು ಏನಾದರೂ ಸಮಜಾಯಿಷಿ ಕೊಟ್ಟು ಪಾರು ಮಾಡುತ್ತೇನೆಂದು ಆ ಮುಖದಲ್ಲಿ ನಂಬಿಕೆ ಇತ್ತು. ಸಮಜಾಯಿಷಿ ಹತ್ತಿರದಲ್ಲೇ ಇತ್ತು. ಸಿಸ್ಟಮ್ಮಿನ ಮೇಲೆ ಹಾಕಬಹುದಿತ್ತು, ಅದಕ್ಕೆ ನಾಲಿಗೆ ಇಲ್ಲ. ಆದರೆ ಹಾಕಿದರೆ ನನ್ನ ಸಿಸ್ಟಮ್ಮೂ ಹೋಗುತ್ತದೆ, ಕುರ್ಚಿಯೂ ಹೋಗುತ್ತದೆ. ಸುಮ್ಮನಿದ್ದರೆ ಮೂವತ್ತನಾಲ್ಕು ವರ್ಷದ ಕೊನೆಗೆ ಅವರ ಹೆಸರಿಗೆ ಮಸಿ ಹತ್ತುತ್ತದೆ.

"ಅವರಿಗೆ ಗೊತ್ತಿರಲಿಲ್ಲ ಸಾರ್," ಅಂದೆ. "ನಾನು ಹೇಳಿಕೊಟ್ಟಿರಲಿಲ್ಲ. ಉಳಿದವರಿಗೆಲ್ಲ ಕಲಿಸಿದೆ, ಅವರಿಗೆ ಮಾತ್ರ ಇಲ್ಲ."

"ಯಾಕೆ?"

"ಎರಡು ತಿಂಗಳಲ್ಲಿ ಹೋಗೋರಿಗೆ ಯಾಕೆ ಅಂತ."

ನಿಜ ಹೇಳಿಬಿಟ್ಟೆ ಎಂದು ಅರೆಗಳಿಗೆ ಹೆಮ್ಮೆ ಅನಿಸಿತು. ಆಮೇಲೆ ಮಾವನ ಮುಖ ನೋಡಿದೆ. ಖಾಯಂ ಮಾಡಿದ್ದು ನೀವು ಅಂದಾಗ ಬಾಡದ ಮುಖ ಈಗ ಬಾಡಿತ್ತು. ನಿರ್ದೇಶಕರ ಬೈಗುಳವನ್ನು ತಡೆದುಕೊಳ್ಳುವ ಶಕ್ತಿ ಅವರಿಗಿತ್ತು, ನನ್ನ ಈ ಒಂದು ವಾಕ್ಯವನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನಿಸಿತು.

ನಿರ್ದೇಶಕರು ಕಾಗದ ಮಡಚಿದರು. "ಮುಖ್ಯಸ್ಥರಾದವರು ತಮ್ಮ ಕೋಣೆಯ ಎಲ್ಲರಿಗೂ ಕಲಿಸಬೇಕು, ಯಾರು ಯಾವಾಗ ಹೋಗ್ತಾರೆ ಅಂತ ನೋಡಿ ಅಲ್ಲ. ಹದಿನೈದು ದಿನ ಕೊಡ್ತೀನಿ. ನಾಲ್ಕೂ ಜನ ಒಬ್ಬೊಬ್ಬರಾಗಿ ನನ್ನೆದುರಿಗೆ ಒಂದು ಬದಲಾವಣೆ ಮಾಡಿ ತೋರಿಸಬೇಕು. ನಾಲ್ವರಲ್ಲಿ ಒಬ್ಬರು ತಪ್ಪಿದ್ರೂ ಹೊರಗಿನವರು ಬರ್ತಾರೆ. ಮತ್ತೆ, ದಯವಿಟ್ಟು, ಗಿರಾಕಿಗಳ ತಂಟೆಗೆ ಹೋಗ್ಬೇಡಿ. ನಮ್ಮ ಕಚೇರಿಯ ಸ್ವಿಚ್ಚೇ ಸಾಕು."

ಮನೆಗೆ ನಾವಿಬ್ಬರೂ ನನ್ನ ಸ್ಕೂಟರಿನಲ್ಲೇ ಹೋಗುವುದು. ದಿನಾ ಹಿಂದೆ ಕೂತು ನನ್ನ ಹೆಗಲ ಮೇಲೆ ಕೈಯಿಡುತ್ತಿದ್ದವರು ಅವತ್ತು ಹಿಂದಿನ ಕಂಬಿ ಹಿಡಿದುಕೊಂಡರು. ಮನೆಯಲ್ಲಿ ಉಂಡು ಮಲಗಿದರು. ಗ್ಯಾಸ್ ಆರಿದೆಯೇ ಎಂದು ಮೂರು ಸಲ ನೋಡುವವರು ಒಂದು ಸಲವೂ ನೋಡಲಿಲ್ಲ. ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಬಾಯಿಬಿಡಿಸಿದರು.

"ಅವರಿಗೆ ಇಪ್ಪತ್ತೆರಡು ದಿನ ರಜ ಬಾಕಿ ಇದೆ," ಅಂದರು ಅತ್ತೆ. "ನಾಳೆಯಿಂದ ರಜ ಹಾಕಿ ಮನೇಲಿ ಕೂತ್ರೆ ನಿನ್ನ ಕುರ್ಚಿ ಗತಿ ಏನು?"

"ಗೊತ್ತು ಅತ್ತೆ."

"ಗೊತ್ತಿದ್ರೆ ಕ್ಷಮೆ ಕೇಳು."

ಕೇಳಬೇಕು ಅಂತಲೇ ಇದ್ದೆ. ಬೈಯುವ ಮಾತಾಗಿದ್ದರೆ ಥಟ್ಟನೆ ಬರುತ್ತಿತ್ತು, ಇದು ಗಂಟಲಲ್ಲೇ ಸಿಕ್ಕಿಕೊಂಡಿತು. ಬೆಳಗ್ಗೆ ಕಚೇರಿಗೆ ಹೋಗಿ ಕುಳಿತು ಮಾತು ಜೋಡಿಸುತ್ತಿದ್ದೆ. ಮಾವ ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು ನನ್ನ ಮೇಜಿನ ಆ ಬದಿಗೆ, ಹೊಸಬರು ಕೂರುವ ಜಾಗದಲ್ಲಿ ಕೂತರು. ಹೊಸ ನೋಟ್‌ಬುಕ್ಕು ತೆಗೆದು, ಅಂಚಿನಲ್ಲಿ ಗೆರೆ ಎಳೆದು, "ಹೂಂ, ಹೇಳಿಕೊಡಮ್ಮ. ಮೊದಲನೇ ಪಾಠದಿಂದ," ಅಂದರು.

"ಮಾವ, ನಿನ್ನೆ ನಾನು..."

"ಪಾಠ ಹೇಳು."

ಹೇಳಿದೆ. ಮೊದಲ ದಿನ ನಲವತ್ತೇಳು ಪ್ರಶ್ನೆ ಕೇಳಿದರು. ನಲವತ್ತೆಂಟನೆಯದಕ್ಕೆ ನಾನು ಪೆನ್ನು ಎಸೆದೆ. ಅವರು ಪೆನ್ನು ಎತ್ತಿಕೊಟ್ಟು ನಲವತ್ತೆಂಟನೆಯದನ್ನು ಮತ್ತೆ ಕೇಳಿದರು. ಆಜ್ಞೆಗಳೇನೋ ನಾಲ್ಕೇ ದಿನದಲ್ಲಿ ಕರಗತವಾದವು, ನಮ್ಮೆಲ್ಲರಿಗಿಂತ ಚುರುಕಾಗಿ ಬರೆಯುತ್ತಿದ್ದರು. ಕಷ್ಟವಿದ್ದದ್ದು ಒಂದೇ ಕಡೆ. ತಪ್ಪಾದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರುವುದು ಅವರಿಂದ ಆಗುತ್ತಿರಲಿಲ್ಲ.

ಅಭ್ಯಾಸಕ್ಕೆಂದು ಕಚೇರಿಯ ಒಂದು ಹಳೆಯ ಸ್ವಿಚ್ಚಿಗೆ ಹೊಸ ಸಿಸ್ಟಮ್ ಹಾಕಿ ಮನೆಗೆ ತಂದು ಊಟದ ಮೇಜಿನ ಮೇಲಿಟ್ಟೆವು. ಅದರ ಫ್ಯಾನು ಶುರುವಾದರೆ ಗೋಡೆಯ ಪಟಗಳು ನಡುಗುತ್ತಿದ್ದವು. "ಇದೇನು ಊಟದ ಮೇಜೋ ವಿಮಾನ ಇಳಿಯೋ ಜಾಗವೋ?" ಎಂದು ಅತ್ತೆ ಕೂಗುತ್ತಿದ್ದರು. ನಾನು ಬೇಕೆಂದೇ ಒಂದು ತಪ್ಪು ಮಾಡಿಸಿ ಗಡಿಯಾರ ನೋಡುತ್ತಿದ್ದೆ. ಮೊದಲ ಸಲ ಮೂರೂವರೆ ನಿಮಿಷಕ್ಕೆ ಮಾವನ ಬೆರಳು ತಾನಾಗಿ ಸೇವ್ ಮಾಡಿತು. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರಿಸಿದೆ. ಆರು ನಿಮಿಷಕ್ಕೆ ಒಂದು ಕೈ ಕಳಚಿಕೊಂಡು ಬಂತು. ಅತ್ತೆ ಒಂದು ಬುಟ್ಟಿ ಹಸಿ ಬಟಾಣಿ ತಂದು ಅವರ ಮುಂದಿಟ್ಟರು. "ಕೈಗೆ ಕೆಲಸ ಬೇಕು ತಾನೇ? ಸುಲೀರಿ." ಬಟಾಣಿ ಸುಲಿಯುತ್ತ ಮಾವ ಒಂಬತ್ತು ನಿಮಿಷ ದಾಟಿದರು. ಹನ್ನೆರಡನೇ ದಿನ ಬಟಾಣಿಯಿಲ್ಲದೆ ಹತ್ತು ನಿಮಿಷ ಕೂತರು. ಹಣೆಯ ಮೇಲೆ ಬೆವರ ಸಾಲು. ನನ್ನ ಗಂಡ ಚಪ್ಪಾಳೆ ತಟ್ಟಿದ. ಅಲ್ಲಿಯ ತನಕ ದಿನಾ ಬಟಾಣಿ ತಿಂದಿದ್ದನಲ್ಲ, ಅವನ ಸಂತೋಷ ಅವನದು.

ಪರೀಕ್ಷೆಯ ದಿನ ಇನ್ನಿಬ್ಬರು ಪಾಸಾದರು, ನಾನೂ ಪಾಸಾದೆ. ಕೊನೆಗೆ ಮಾವ. ಅವರ ಮೂಗಿನ ಮೇಲೆ ನನ್ನ ಗಂಡ ಈ ದಿನಕ್ಕೆಂದೇ ಮಾಡಿಕೊಟ್ಟ ಹೊಸ ಕನ್ನಡಕ. ಕಚೇರಿಯ ಸ್ವಿಚ್ಚಿನಲ್ಲಿ ನಲವತ್ತೇಳನೇ ಪೋರ್ಟಿಗೆ, ಅಂದರೆ ತಂತಿ ಚುಚ್ಚುವ ನಲವತ್ತೇಳನೇ ಕಿಂಡಿಗೆ, ಒಂದು ಸಣ್ಣ ಬದಲಾವಣೆ. ನಾನು ಪಕ್ಕದಲ್ಲೇ ಕೂತಿದ್ದೆ. ಸ್ವಿಚ್ಚಿಗೆ ನೇರ ತಂತಿ ಚುಚ್ಚಿದ ಲ್ಯಾಪ್‌ಟಾಪು, ಅನಾಹುತವಾದರೆ ಇರಲಿ ಎಂದು, ನನ್ನ ಕೈಗೆ ಸಿಗುವಂತೆ ಇತ್ತು. ಅವರು ಗಡುವು ಕೊಟ್ಟು, ಸಾಲು ಬರೆದು, ಎಂಟರ್ ಒತ್ತಿದರು.

ಪರದೆ ನಿಂತಿತು. ನಿರ್ದೇಶಕರ ಮೇಜಿನ ಮೇಲಿದ್ದ ಫೋನಿನ ದೀಪ ಆರಿತು.

ಹೊಸ ಕನ್ನಡಕದಲ್ಲಿ ನಲವತ್ತೇಳು ನಲವತ್ತೆಂಟಾಗಿತ್ತು. ನಲವತ್ತೆಂಟೆಂದರೆ ಇಡೀ ಕಚೇರಿಯ ಮುಖ್ಯ ತಂತಿ.

"ಇದೇನು, ಮತ್ತೆ ಹೋಯ್ತಾ?" ಅಂದರು ನಿರ್ದೇಶಕರು. ಅವರ ಹುಬ್ಬು ಗಂಟಾಯಿತು.

"ತಪ್ಪಾಗಿದೆ ಸಾರ್," ಅಂದರು ಮಾವ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. "ಹತ್ತು ನಿಮಿಷದಲ್ಲಿ ಅದೇ ಸರಿಹೋಗುತ್ತೆ."

ನಾನು ಆ ಹತ್ತು ನಿಮಿಷದಲ್ಲಿ ನೋಡಿದ್ದು ಪರದೆಯನ್ನಲ್ಲ. ನಿರ್ದೇಶಕರ ಬಿಗಿದ ತುಟಿ, ಮಾವನ ಕಿವಿಯ ಹಿಂದೆ ಇಳಿಯುತ್ತಿದ್ದ ಬೆವರು. ಇಷ್ಟು ಕಲಿತು ಕೊನೆಗೆ ನಗೆಪಾಟಲಾಗಿಬಿಟ್ಟರೆ? ಎಲ್ಲಾದರೂ ಸಿಸ್ಟಮ್ ಕೈಕೊಟ್ಟರೆ? ನನ್ನ ಕುರ್ಚಿ ಹಾಳಾಗಿ ಹೋಗಲಿ, ಈ ಮನುಷ್ಯ ಇನ್ನೊಂದು ಸಲ ತಲೆ ತಗ್ಗಿಸುವುದನ್ನು ನೋಡಲು ನನ್ನಿಂದ ಆಗುವುದಿಲ್ಲ. ಆ ಲ್ಯಾಪ್‌ಟಾಪಿನಲ್ಲಿ ಒಂದೇ ಸಾಲು ಬರೆದರೆ ಈಗಲೇ ಎಲ್ಲ ಸರಿಹೋಗುತ್ತದೆ. ಆರನೇ ನಿಮಿಷಕ್ಕೆ ನನ್ನ ಕೈ ಅದರ ಕಡೆಗೆ ಹೋಯಿತು. ಕೆಲಸ ಬಲ್ಲವಳು ನಾನು. ಪರೀಕ್ಷೆ ಹಾಳಾಗುವುದೇ ನಾನು ಕೈಹಾಕಿದರೆ ಅಂತ ಗೊತ್ತಿದ್ದೂ ಹೋಯಿತು.

ಮಾವ ಪರದೆಯಿಂದ ಕಣ್ಣು ತೆಗೆಯದೆ ನನ್ನ ಮಣಿಕಟ್ಟು ಹಿಡಿದರು.

"ಸುಮ್ನೆ ಕೂತ್ಕೋಮ್ಮ."

"ಮಾವ, ನನ್ನಿಂದ ಆಗಲ್ಲ."

"ಗೊತ್ತು," ಅಂದರು. "ನನಗೂ ಅವತ್ತು ಆಗಲಿಲ್ಲ."

ಬಿಡಲಿಲ್ಲ. ಇನ್ನು ನಾಲ್ಕು ನಿಮಿಷ ನಾವಿಬ್ಬರೂ ಹಾಗೇ ಕೂತಿದ್ದೆವು. ಹದಿನೈದು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಆಗ ಹೊರಗೆ ಬಂತು. "ತಪ್ಪಾಯ್ತು ಮಾವ," ಅಂದೆ, ನಿರ್ದೇಶಕರು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವುದೂ ಮರೆತು. ಮಾವ ತಲೆಯಾಡಿಸಿದರು. ಸರಿಯಾಗಿ ಹತ್ತಕ್ಕೆ ಪರದೆಯಲ್ಲಿ ಅಕ್ಷರ ಓಡಿತು, ಫೋನಿನ ದೀಪ ಹತ್ತಿತು.

ನಿರ್ದೇಶಕರು ಫೋನೆತ್ತಿ ಕಿವಿಗಿಟ್ಟು, ದನಿ ಬಂದದ್ದು ಖಾತ್ರಿ ಮಾಡಿಕೊಂಡು, "ಏನೂ ಮಾಡದೆ! ತಪ್ಪಾದ್ರೂ ತಾನೇ ಸರಿಹೋಯ್ತಲ್ಲ, ಇವರೂ ಪಾಸು," ಅಂದರು. ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿ, ಅಭಿನಂದನೆ ಎಂದರು. ಕುಲುಕಲು ನನ್ನ ಕೈ ಖಾಲಿ ಇರಲಿಲ್ಲ, ಮಾವ ಇನ್ನೂ ಹಿಡಿದುಕೊಂಡಿದ್ದರು. ನಾನು ಅಲ್ಲೇ, ಎಲ್ಲರೆದುರಿಗೆ, ಗೊಳೋ ಎಂದು ಅತ್ತುಬಿಟ್ಟೆ. ಕುರ್ಚಿ ಸಿಕ್ಕಿದ ಖುಷಿಗೆ ಮೆಣಸಿನಕಾಯಿ ಅತ್ತಳು ಎಂದು ಕಚೇರಿಯಲ್ಲಿ ಇವತ್ತಿಗೂ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ.